ವ್ಯಾಪಾರ ಡಲ್ ಇರುವಾಗ ಸಣ್ಣ ಉದ್ಯಮ ಎದ್ದು ಕಾಣೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆರ್ಥಿಕ ಪರಿಸ್ಥಿತಿ ಬಿಗಿಯಾದಾಗಲೆಲ್ಲ ಸಣ್ಣ ವ್ಯಾಪಾರ ನಡೆಸುವವರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಎದುರು ಕೂತು ಮಾತಾಡುವಾಗ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಮೊದಲು ಸರಳವಾದವು, ಆಮೇಲೆ ಲೆಕ್ಕ ಹಾಕಬೇಕಾದವು. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಜನರ ಹತ್ರ ದುಡ್ಡೇ ಇಲ್ಲ. ಇಂಥ ಟೈಮಲ್ಲಿ ಎದ್ದು ಕಂಡು ಏನು ಪ್ರಯೋಜನ?

ಜನರ ಕೈಯಲ್ಲಿ ದುಡ್ಡು ಪೂರ್ತಿ ಖಾಲಿಯಾಗುವುದಿಲ್ಲ. ಅದು ಖರ್ಚಾಗುವ ರೀತಿ ಬದಲಾಗುತ್ತದೆ. ಹೊಸದು ಕೊಳ್ಳುವ ಬದಲು ಇರುವುದನ್ನೇ ರಿಪೇರಿ ಮಾಡಿಸುತ್ತಾರೆ. ದೊಡ್ಡದನ್ನು ಮುಂದಕ್ಕೆ ಹಾಕಿ ಚಿಕ್ಕದನ್ನು ತಗೊಳ್ಳುತ್ತಾರೆ. ಎರಡು ಕಡೆ ವಿಚಾರಿಸುತ್ತಿದ್ದವರು ಐದು ಕಡೆ ವಿಚಾರಿಸುತ್ತಾರೆ. ಇನ್ನು ಕೆಲವು ಖರ್ಚನ್ನು ಮುಂದೂಡಲು ಆಗುವುದೇ ಇಲ್ಲ. ಸೋರುವ ಪೈಪು, ಕೆಟ್ಟು ನಿಂತ ಗಾಡಿ, ಮಕ್ಕಳ ಓದು, ಹಲ್ಲುನೋವು ಇವಕ್ಕೆಲ್ಲ ಮಾರುಕಟ್ಟೆ ಹೇಗಿದೆ ಅಂತ ಗೊತ್ತಿರಲ್ಲ.

ಇಷ್ಟರ ಹಿಂದೆ ಇರುವುದು ಒಂದು ಭಯ: "ಈ ದುಡ್ಡು ದಂಡವಾದ್ರೆ ಏನು ಮಾಡೋದು?" ಕೈಯಲ್ಲಿ ದುಡ್ಡು ಧಾರಾಳವಾಗಿ ಓಡಾಡುವಾಗ ಒಂದು ತಪ್ಪು ಖರೀದಿಯನ್ನು ಜನ ಮರೆತುಬಿಡುತ್ತಾರೆ. ಬಿಗಿ ಇದ್ದಾಗ ಅದು ತಿಂಗಳಾನುಗಟ್ಟಲೆ ಚುಚ್ಚುತ್ತದೆ. ಹಾಗಾಗಿ ಯಾರ ಹತ್ತಿರ ಹೋದರೆ ದುಡ್ಡು ದಂಡವಾಗಲ್ಲ ಅನ್ನೋ ನಂಬಿಕೆ ಇದೆಯೋ ಅವರ ಹೆಸರೇ ಮೊದಲು ನೆನಪಿಗೆ ಬರುತ್ತದೆ. ಎದ್ದು ಕಾಣುವುದು ಅಂದರೆ ನನ್ನ ಮಟ್ಟಿಗೆ ಇದೇ. ಕೆಳಗಿನ ಮುಕ್ಕಾಲು ಉತ್ತರಗಳು ಈ ಒಂದು ಮಾತಿನಿಂದಲೇ ಹೊರಟಿವೆ.

ಎಲ್ಲಿಂದ ಶುರು ಮಾಡ್ಲಿ? ಒಂದೇ ಒಂದು ಕೆಲಸ ಹೇಳಿ.

ಕಳೆದ ಆರು ತಿಂಗಳಲ್ಲಿ ನಿಮ್ಮ ಹತ್ತಿರ ಕೊಂಡ ಎಂಟು ಹತ್ತು ಜನರಿಗೆ ಫೋನ್ ಮಾಡಿ. ಮಾರೋದಕ್ಕಲ್ಲ, ಕೇಳೋದಕ್ಕೆ. ಮೂರು ಪ್ರಶ್ನೆ ಸಾಕು. ನಮ್ಮ ಹತ್ತಿರ ಬರುವ ಮೊದಲು ಏನಾಗಿತ್ತು? ಬೇರೆ ಎಲ್ಲಿ ವಿಚಾರಿಸಿದ್ರಿ? ನಮ್ಮ ಹತ್ತಿರ ತಗೊಳ್ಳೋದಾ ಬೇಡವಾ ಅಂತ ಯಾವುದಕ್ಕೆ ಅನುಮಾನ ಬಂದಿತ್ತು?

ಮೂರನೆಯದೇ ಚಿನ್ನದಂಥ ಪ್ರಶ್ನೆ. "ನೀವು ಹೇಳಿದ ದಿನಕ್ಕೆ ಕೊಡ್ತೀರೋ ಇಲ್ಲವೋ ಅಂತ ಅನುಮಾನ ಇತ್ತು" ಅಂತ ಒಬ್ಬರು ಹೇಳಿದರೆ, ಹಾಗೇ ಅನುಮಾನ ಪಟ್ಟು ಬಾರದೆ ಹೋದವರು ಇನ್ನೂ ಎಷ್ಟೋ ಜನ ಇದ್ದಾರೆ ಅಂತ ಅರ್ಥ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದಿಟ್ಟುಕೊಳ್ಳಿ, ತಿದ್ದಬೇಡಿ. ನಿಮ್ಮ ಬೋರ್ಡು, ಕೊಟೇಶನ್, ವೆಬ್‌ಸೈಟು ಎಲ್ಲದರಲ್ಲೂ ಮುಂದೆ ಬಳಸಬೇಕಾದ ಮಾತು ಅದೇ. "ಉತ್ಕೃಷ್ಟ ಗುಣಮಟ್ಟ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ" ಅನ್ನುವ ಸಾಲು ಎಲ್ಲರ ಬೋರ್ಡಿನಲ್ಲೂ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. "ಹೇಳಿದ ದಿನಕ್ಕೆ ಕೊಡದಿದ್ದರೆ ಡೆಲಿವರಿ ಚಾರ್ಜ್ ಬೇಡ" ಅಂತ ಇದ್ದರೆ ಓದುತ್ತಾರೆ.

ನಂದು ಎಲ್ಲರ ಥರದ್ದೇ ವ್ಯಾಪಾರ. ಅದರಲ್ಲಿ ಹೊಸದೇನು ತೋರಿಸ್ಲಿ?

ವಸ್ತು ಒಂದೇ ಇರಬಹುದು. ಅದನ್ನು ಕೊಳ್ಳುವ ಅನುಭವ ಒಂದೇ ಆಗಿರಬೇಕಿಲ್ಲ. ಒಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿಯನ್ನು ತಗೊಳ್ಳಿ. ಬಿಡಿಭಾಗ ಎಲ್ಲರಿಗೂ ಅದೇ ಸಪ್ಲೈಯರ್ ಹತ್ತಿರದಿಂದ ಬರುತ್ತದೆ. ಕೆಲಸವೂ ಹೆಚ್ಚೂಕಡಿಮೆ ಅದೇ. ಆದರೆ ಗಿರಾಕಿ ಅನುಭವಿಸುವುದನ್ನು ಅವರ ಕಡೆಯಿಂದ ನೋಡಿ. ಲ್ಯಾಪ್‌ಟಾಪ್ ಕೊಟ್ಟು ಹೋಗುತ್ತಾರೆ. ಎಷ್ಟಾಗುತ್ತದೆ ಗೊತ್ತಿಲ್ಲ, ಯಾವಾಗ ಸಿಗುತ್ತದೆ ಗೊತ್ತಿಲ್ಲ, ಒಳಗಿನ ಒಳ್ಳೆಯ ಭಾಗವನ್ನು ಬದಲಾಯಿಸಿಬಿಟ್ಟರೆ ಅನ್ನೋ ಅನುಮಾನ ಬೇರೆ. ಎರಡು ದಿನ ಬಿಟ್ಟು ತಾವೇ ಫೋನ್ ಮಾಡಿ ಕೇಳಬೇಕು.

ಈಗ ಅದೇ ಅಂಗಡಿ ಹೀಗೆ ಮಾಡಿದರೆ? ಲ್ಯಾಪ್‌ಟಾಪ್ ತಗೊಳ್ಳುವಾಗಲೇ ಅದರ ಸೀರಿಯಲ್ ನಂಬರು, ಮೇಲಿನ ಗೀರು, ಚಾರ್ಜರ್ ಇದೆಯೋ ಇಲ್ಲವೋ ಎಲ್ಲವನ್ನೂ ಚೀಟಿಯಲ್ಲಿ ಬರೆದು ಒಂದು ಪ್ರತಿ ಕೊಡುವುದು. ಬಿಚ್ಚಿ ನೋಡಿದ ಮೇಲೆ ಕೆಟ್ಟ ಭಾಗದ ಫೋಟೋ ಕಳಿಸಿ, ಖರ್ಚು ಇಷ್ಟು, ಇದಕ್ಕಿಂತ ಜಾಸ್ತಿಯಾದರೆ ಕೇಳಿಯೇ ಮುಂದುವರಿಯುತ್ತೇವೆ ಅಂತ ಹೇಳುವುದು. ವಾಪಸ್ ಕೊಡುವಾಗ ತೆಗೆದ ಹಳೆಯ ಭಾಗವನ್ನು ಕವರಿನಲ್ಲಿ ಹಾಕಿ ಕೈಗೆ ಕೊಡುವುದು. "ಇನ್ನೂ ಎರಡು ವರ್ಷ ಓಡುತ್ತೆ, ಈಗ ಹೊಸದು ತಗೋಬೇಡಿ" ಅಂತಲೋ, "ಇದಕ್ಕೆ ಇನ್ನು ದುಡ್ಡು ಹಾಕಬೇಡಿ" ಅಂತಲೋ ನೇರವಾಗಿ ಹೇಳುವುದು. ಇದರಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಡ. ಇಷ್ಟನ್ನು ಪ್ರತಿಸಲವೂ ತಪ್ಪದೆ ಮಾಡುವವರು ಮಾತ್ರ ಬಹಳ ಕಡಿಮೆ. ನಿಮ್ಮ ವ್ಯಾಪಾರದಲ್ಲೂ ಗಿರಾಕಿ ಕತ್ತಲಲ್ಲಿ ಕಾಯುವ ಇಂಥ ಜಾಗಗಳು ಇದ್ದೇ ಇರುತ್ತವೆ. ಒಂದೊಂದಾಗಿ ಹುಡುಕಿ ಬೆಳಕು ಹಾಕಿ.

ಎಲ್ಲರಿಗೂ ಎಲ್ಲಾ ಮಾಡಿಕೊಡ್ತೀನಿ ಅಂದ್ರೆ ಜಾಸ್ತಿ ಕೆಲಸ ಸಿಗಲ್ವಾ?

ಸಿಗುತ್ತದೆ ಅಂತ ಅನ್ನಿಸುತ್ತದೆ, ಸಿಗುವುದು ಕಡಿಮೆ. "ಎಲ್ಲಾ ಥರದ ಡಿಸೈನ್ ಕೆಲಸ ಮಾಡಿಕೊಡಲಾಗುವುದು" ಅನ್ನುವವರನ್ನು ಯಾವಾಗ ನೆನಪಿಸಿಕೊಳ್ಳಬೇಕು ಅಂತಲೇ ಜನರಿಗೆ ಗೊತ್ತಾಗುವುದಿಲ್ಲ. "ಕ್ಲಿನಿಕ್‌ಗಳಿಗೆ ಬೋರ್ಡು, ಕಾರ್ಡು, ಲೆಟರ್‌ಹೆಡ್ ಮಾಡ್ತೀವಿ" ಅಂದರೆ ಹೊಸ ಕ್ಲಿನಿಕ್ ತೆರೆಯುವ ಯಾರನ್ನೋ ಕಂಡಾಗ ನಿಮ್ಮ ಹೆಸರು ಬಾಯಿಗೆ ಬರುತ್ತದೆ. ಬೇರೆ ಕೆಲಸ ಬಂದರೆ ಮಾಡಿ, ಬೇಡ ಅನ್ನಬೇಡಿ. ಬಾಗಿಲಲ್ಲಿ ಹಾಕುವ ಹೆಸರು ಮಾತ್ರ ಒಂದೇ ಇರಲಿ.

## ಬೆಲೆಯ ಪ್ರಶ್ನೆಗಳು

ಪಕ್ಕದವರು ರೇಟ್ ಇಳಿಸಿಬಿಟ್ಟಿದ್ದಾರೆ. ನಾನೂ ಇಳಿಸಬೇಕಾ?

ಇಳಿಸುವ ಮೊದಲು ಕಾಗದ ಪೆನ್ನು ತಗೊಳ್ಳಿ. ನೀವು 100ಕ್ಕೆ ಮಾರುವ ವಸ್ತುವಿಗೆ ಮಾಲು, ಪ್ಯಾಕಿಂಗ್ ಎಲ್ಲ ಸೇರಿ 70 ಬೀಳುತ್ತದೆ ಅಂತಿಟ್ಟುಕೊಳ್ಳಿ. ಒಂದಕ್ಕೆ 30 ಉಳಿಯುತ್ತದೆ. ಶೇಕಡಾ 10 ರಿಯಾಯಿತಿ ಕೊಟ್ಟರೆ 90ಕ್ಕೆ ಮಾರುತ್ತೀರಿ, ಉಳಿಯುವುದು 20. ಮೊದಲು 100 ವಸ್ತು ಮಾರಿ ದುಡಿಯುತ್ತಿದ್ದಷ್ಟನ್ನೇ ಈಗ ದುಡಿಯಲು 150 ಮಾರಬೇಕು. ಶೇಕಡಾ 20 ಇಳಿಸಿದರೆ ಉಳಿಯುವುದು ಬರೀ 10. ಆಗ 300 ಮಾರಬೇಕು. ಕೊಳ್ಳುವವರೇ ಕಡಿಮೆ ಇರುವ ಕಾಲದಲ್ಲಿ ಮೂರು ಪಟ್ಟು ಮಾರಾಟ ಎಲ್ಲಿಂದ ತರೋದು?

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಬೆಲೆಯನ್ನು 110ಕ್ಕೆ ಏರಿಸಿದರೆ ಒಂದಕ್ಕೆ 40 ಉಳಿಯುತ್ತದೆ. 100ರ ಬದಲು 75 ಮಾರಿದರೂ ಕೈಗೆ ಬರುವುದು ಮೊದಲಿನಷ್ಟೇ. ಎಲ್ಲರೂ ಬೆಲೆ ಏರಿಸಿ ಅಂತ ನಾನು ಹೇಳುತ್ತಿಲ್ಲ. ರಿಯಾಯಿತಿ ಎಷ್ಟು ದುಬಾರಿ ಅನ್ನೋದು ಈ ಲೆಕ್ಕ ಹಾಕಿದಾಗ ಮಾತ್ರ ಕಣ್ಣಿಗೆ ಕಾಣುತ್ತದೆ.

ರಿಯಾಯಿತಿಗೂ ಜಾಗ ಇದೆ. ಕೂತುಬಿಟ್ಟ ಸ್ಟಾಕ್ ಖಾಲಿ ಮಾಡಬೇಕಾದಾಗ, ಖಾಲಿ ಹೋಗುವ ಸಮಯ ತುಂಬಬೇಕಾದಾಗ, ಪೂರ್ತಿ ದುಡ್ಡು ಮುಂಗಡ ಕೊಡುವವರಿಗೆ. ಕಾರಣ ಹೇಳಿ, ಕೊನೆಯ ದಿನ ಹೇಳಿ ಕೊಡಿ. ಕಾರಣವಿಲ್ಲದೆ ಇಳಿಸಿದ ಬೆಲೆಯನ್ನು ಗಿರಾಕಿ ನಿಮ್ಮ ನಿಜವಾದ ಬೆಲೆ ಅಂತಲೇ ನಂಬುತ್ತಾರೆ. ಆಮೇಲೆ ಮೇಲಕ್ಕೆತ್ತೋದು ತುಂಬಾ ಕಷ್ಟ.

ಹಾಗಾದ್ರೆ ಬಜೆಟ್ ಕಡಿಮೆ ಇರೋರನ್ನ ವಾಪಸ್ ಕಳಿಸ್ಬೇಕಾ?

ಖಂಡಿತ ಬೇಡ. ಬೆಲೆ ಇಳಿಸುವ ಬದಲು ಕೆಲಸವನ್ನು ಚಿಕ್ಕದು ಮಾಡಿ. ಇಡೀ ಮನೆಗೆ ಬಣ್ಣ ಹೊಡೆಸಲು ಆಗದವರಿಗೆ ಮಳೆನೀರು ಇಳಿಯುವ ಗೋಡೆಗಳನ್ನು ಮಾತ್ರ ಈ ವರ್ಷ ಮಾಡೋಣ, ಉಳಿದದ್ದು ಆಮೇಲೆ ಅಂತ ಹೇಳಬಹುದು. ವರ್ಷದ ಲೆಕ್ಕಪತ್ರ ಪೂರ್ತಿ ನೋಡಿಕೊಳ್ಳಿ ಅನ್ನಲು ಆಗದವರಿಗೆ ಮೂರು ತಿಂಗಳಿಗೊಮ್ಮೆ ಪರಿಶೀಲನೆ ಕೊಡಬಹುದು. ಏನು ಬಿಟ್ಟಿದ್ದೀವಿ, ಬಿಟ್ಟರೆ ಏನಾಗಬಹುದು ಅನ್ನೋದನ್ನು ಬಾಯಿಬಿಟ್ಟು ಹೇಳಿ. ಅದೇ ಕೆಲಸವನ್ನು ಕಡಿಮೆ ದುಡ್ಡಿಗೆ ಒಪ್ಪಿಕೊಂಡು, ಒಳಗೊಳಗೆ ಗುಣಮಟ್ಟ ಇಳಿಸುವುದು ಮಾತ್ರ ಯಾವತ್ತೂ ಬೇಡ. ಅದು ಗೊತ್ತಾಗದೆ ಇರಲ್ಲ.

ಮಾಲಿನ ಬೆಲೆ ಏರಿದೆ. ರೇಟ್ ಏರಿಸಿದ್ರೆ ಗಿರಾಕಿ ಓಡಿಹೋಗ್ತಾರೆ ಅಂತ ಭಯ.

ಕೆಲವರು ಹೋಗುತ್ತಾರೆ. ಬೆಲೆ ಏರಿದ್ದಕ್ಕಿಂತ ಅದು ಬಿಲ್ ನೋಡುವಾಗ ಗೊತ್ತಾಯಿತು ಅನ್ನೋದಕ್ಕೆ ಬೇಜಾರಾಗಿ ಹೋಗುವವರು ಜಾಸ್ತಿ. ಹಾಗಾಗಿ ಕೆಲವು ವಾರ ಮೊದಲೇ ತಿಳಿಸಿ. ಯಾವ ದಿನದಿಂದ, ಎಷ್ಟು, ಯಾಕೆ ಅಂತ ನಾಲ್ಕು ಸಾಲಲ್ಲಿ ಬರೆಯಿರಿ. ಈಗಾಗಲೇ ಕೊಟ್ಟ ಕೊಟೇಶನ್ ಅನ್ನು ಹಳೆಯ ಬೆಲೆಗೇ ಪೂರೈಸಿ, ನಷ್ಟವಾದರೂ ಸರಿ. ಇನ್ನು ಮುಂದೆ ಕೊಡುವ ಪ್ರತಿ ಕೊಟೇಶನ್‌ಗೂ ಇಂತಿಷ್ಟು ದಿನ ಮಾತ್ರ ಈ ಬೆಲೆ ಅಂತ ಬರೆಯಿರಿ.

ಬೆಲೆ ಅಷ್ಟೇ ಇಟ್ಟು ಪ್ಯಾಕೆಟ್ಟಿನೊಳಗಿನ ತೂಕ ಇಳಿಸುವ ಉಪಾಯವನ್ನು ದೊಡ್ಡ ಕಂಪನಿಗಳು ಮಾಡುತ್ತವೆ. ಅವರ ಗಿರಾಕಿಗೆ ಮಾಲೀಕರ ಮುಖ ಗೊತ್ತಿರಲ್ಲ. ನಿಮ್ಮ ಗಿರಾಕಿಗೆ ನಿಮ್ಮ ಮುಖ ಗೊತ್ತು. ನೀವು ಮಾಡಬೇಡಿ.

ಗ್ಯಾರಂಟಿ ಕೊಟ್ರೆ ಜನ ದುರುಪಯೋಗ ಮಾಡಲ್ವಾ?

ಒಂದು ಉದಾಹರಣೆ ನೋಡಿ. 2009ರ ಜನವರಿಯಲ್ಲಿ ಅಮೆರಿಕದಲ್ಲಿ ಜನ ಕಾರು ಕೊಳ್ಳುವುದನ್ನು ಬಹಳ ಕಡಿಮೆ ಮಾಡಿದ್ದರು. 2008ರ ಆರ್ಥಿಕ ಕುಸಿತದ ಬಿಸಿ ಇನ್ನೂ ಆರಿರಲಿಲ್ಲ, ಕೆಲಸ ಯಾವಾಗ ಹೋಗುತ್ತದೋ ಅನ್ನೋ ಚಿಂತೆ ಎಲ್ಲರಿಗೂ. ಬೇರೆ ಕಂಪನಿಗಳು ಬೆಲೆ ಕಡಿತಕ್ಕೆ ಇಳಿದಾಗ ಹ್ಯುಂಡೈ ಬೇರೆಯದೇ ಮಾತು ಹೇಳಿತು: ಕಾರು ಕೊಂಡ ಒಂದು ವರ್ಷದೊಳಗೆ ನಿಮ್ಮ ಕೆಲಸ ಹೋದರೆ ಕಾರನ್ನು ವಾಪಸ್ ಕೊಡಬಹುದು. ಆ ವರ್ಷ ಅಲ್ಲಿ ಒಟ್ಟು ಕಾರು ಮಾರಾಟ ಸುಮಾರು ಶೇಕಡಾ 21ರಷ್ಟು ಬಿದ್ದರೆ ಹ್ಯುಂಡೈ ಮಾರಾಟ ಸುಮಾರು ಶೇಕಡಾ 8ರಷ್ಟು ಏರಿತು. ವಾಪಸ್ ಬಂದ ಕಾರುಗಳು ತೀರಾ ಕಡಿಮೆ. ಆ ಏರಿಕೆಗೆ ಬೇರೆ ಕಾರಣಗಳೂ ಇದ್ದವು, ಆದರೆ ಜನರ ಭಯ ನಿಜವಾಗಿ ಯಾವುದು ಅನ್ನೋದನ್ನು ಅವರು ಸರಿಯಾಗಿ ಹಿಡಿದಿದ್ದರು.

ನಿಮ್ಮ ಗ್ಯಾರಂಟಿಯೂ ಒಂದು ನಿರ್ದಿಷ್ಟ ಭಯಕ್ಕೆ ಉತ್ತರವಾಗಿರಲಿ. ಅಳತೆ ತಪ್ಪಿದರೆ ಒಂದು ವಾರದೊಳಗೆ ಸರಿ ಮಾಡಿಕೊಡ್ತೀವಿ. ಮೊದಲ ಎರಡು ತರಗತಿ ಆದಮೇಲೆ ಬೇಡ ಅನ್ನಿಸಿದರೆ ಫೀಸು ವಾಪಸ್. ಅವಧಿ, ಷರತ್ತು ಸ್ಪಷ್ಟ ಇದ್ದರೆ ದುರುಪಯೋಗ ತಾನಾಗಿ ಕಡಿಮೆಯಾಗುತ್ತದೆ. ಮೋಸ ಮಾಡುವ ಒಬ್ಬರಿಬ್ಬರು ಸಿಕ್ಕೇ ಸಿಗುತ್ತಾರೆ. ಅವರ ಖರ್ಚನ್ನು ಜಾಹೀರಾತಿನ ಖರ್ಚು ಅಂತ ಬರೆದುಕೊಳ್ಳಿ. ಆದರೆ ಮಾತು ಕೊಟ್ಟ ಮೇಲೆ ಕೇಳಲು ಬಂದವರ ಹತ್ತಿರ ಚೌಕಾಶಿ ಮಾಡಿದರೆ, ಗ್ಯಾರಂಟಿ ಇಲ್ಲದೆ ಇದ್ದಿದ್ದರೇ ಒಳ್ಳೆಯದಿತ್ತು ಅನ್ನೋ ಹಾಗಾಗುತ್ತದೆ.

## ಗಿರಾಕಿ ಮತ್ತು ಪ್ರಚಾರ

ಹಳೇ ಗಿರಾಕಿಗೆ ಫೋನ್ ಮಾಡಿದ್ರೆ ದುಡ್ಡಿಗೆ ಪರದಾಡ್ತಿದ್ದಾರೆ ಅಂದ್ಕೊಳ್ಳಲ್ವಾ?

"ಯಾಕೆ ಬರ್ತಿಲ್ಲ?" ಅಂತ ಕೇಳಿದರೆ ಅಂದುಕೊಳ್ಳುತ್ತಾರೆ. ಅವರಿಗೆ ಉಪಯೋಗವಾಗುವ ಏನನ್ನಾದರೂ ಕೈಯಲ್ಲಿ ಹಿಡಿದು ಹೋದರೆ ಯಾರೂ ಹಾಗಂದುಕೊಳ್ಳುವುದಿಲ್ಲ. ಒಂದು ಮೆಸೇಜ್ ಹೀಗಿರಬಹುದು:

"ನಮಸ್ಕಾರ ಮೇಡಂ. ಹೋದ ವರ್ಷ ನಿಮ್ಮ ನೀರಿನ ಫಿಲ್ಟರ್ ನಾವೇ ಹಾಕಿದ್ದೆವು. ಒಳಗಿನ ಕ್ಯಾಂಡಲ್ ಬದಲಾಯಿಸುವ ಸಮಯ ಹತ್ತಿರ ಬಂದಿದೆ. ನೀರು ಸಣ್ಣಗೆ ಬರ್ತಿದ್ದರೆ ಈಗಲೇ ಬದಲಾಯಿಸಿ, ಸರಿಯಾಗಿ ಬರ್ತಿದ್ದರೆ ಇನ್ನೊಂದು ತಿಂಗಳು ಕಾಯಬಹುದು. ಏನಾದರೂ ಅನುಮಾನ ಇದ್ದರೆ ಒಂದು ಫೋಟೋ ಕಳಿಸಿ, ನೋಡಿ ಹೇಳ್ತೀನಿ."

ಇದರಲ್ಲಿ "ಕಾಯಬಹುದು" ಅನ್ನೋ ಮಾತನ್ನು ಗಮನಿಸಿ. ಈಗ ಬೇಡದಿದ್ದರೆ ಬೇಡ ಅನ್ನುವವರ ಮೇಲೆ ನಂಬಿಕೆ ಬರುತ್ತದೆ. ಇಂಥ ಮೆಸೇಜ್ ಕಳಿಸಲು ಯಾರಿಗೆ ಯಾವಾಗ ಏನು ಕೊಟ್ಟೆವು ಅನ್ನೋ ದಾಖಲೆ ಬೇಕು. ಒಂದು ನೋಟ್‌ಬುಕ್ಕೋ ಎಕ್ಸೆಲ್ ಹಾಳೆಯೋ ಸಾಕು. ಹೆಸರು, ನಂಬರು, ಕೊಟ್ಟಿದ್ದು, ದಿನಾಂಕ, ಮುಂದೆ ಯಾವಾಗ ಮಾತಾಡಬೇಕು. ಮೆಸೇಜ್ ಬೇಡ ಅಂದವರ ಹೆಸರನ್ನು ಅವತ್ತೇ ತೆಗೆದುಬಿಡಿ.

ಜಾಹೀರಾತಿಗೆ ದುಡ್ಡಿಲ್ಲ. ಹೊಸಬರಿಗೆ ನಾನು ಇದ್ದೀನಿ ಅಂತ ಗೊತ್ತಾಗೋದು ಹೇಗೆ?

ಮೊದಲು ಹುಡುಕುವವರಿಗೆ ಸಿಗುವ ಹಾಗೆ ಮಾಡಿಕೊಳ್ಳಿ. ಗೂಗಲ್ ಮ್ಯಾಪ್‌ನಲ್ಲಿ ವ್ಯಾಪಾರದ ಪ್ರೊಫೈಲ್ ಮಾಡಿಕೊಳ್ಳುವುದು ಉಚಿತ. ಮಾಡಿದ್ದೀನಿ ಅನ್ನುವವರ ಪ್ರೊಫೈಲ್ ತೆರೆದು ನೋಡಿದರೆ ಎಷ್ಟೋ ಸಲ ಹಳೆಯ ಫೋನ್ ನಂಬರು, ತಪ್ಪು ಸಮಯ, ಮಸುಕು ಫೋಟೋ ಇರುತ್ತದೆ. ತೆರೆದಿದೆ ಅಂತ ತೋರಿಸಿದ ಅಂಗಡಿಗೆ ಬಂದು ಬಾಗಿಲು ಮುಚ್ಚಿದ್ದನ್ನು ನೋಡಿದವರು ಮತ್ತೆ ಬರೋದು ಅನುಮಾನ. ಕೆಲಸದ ವಿಧ, ಸಮಯ, ರಜೆ, ಇತ್ತೀಚಿನ ಫೋಟೋ ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಸರಿ ಮಾಡಬಹುದು.

2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಆ್ಯಪ್ ಕೂಡ ಉಚಿತವೇ. ವಸ್ತುಗಳ ಕ್ಯಾಟಲಾಗ್ ಇಡಬಹುದು, ಪದೇ ಪದೇ ಬರುವ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಟ್ಟುಕೊಳ್ಳಬಹುದು, ಹೊಸ ಗಿರಾಕಿ, ಬಾಕಿ ಇರುವವರು ಅಂತ ಲೇಬಲ್ ಹಾಕಬಹುದು.

ಇವೆರಡಕ್ಕಿಂತ ದೊಡ್ಡದು ಬಾಯಿಮಾತು. ಅದು ತಾನಾಗಿ ಆಗಲಿ ಅಂತ ಕಾಯಬೇಡಿ, ಕೇಳಿ. ಕೆಲಸ ಮುಗಿದು ಗಿರಾಕಿ ಖುಷಿಯಾಗಿರುವ ಆ ಹತ್ತು ನಿಮಿಷದಲ್ಲೇ ಕೇಳಬೇಕು. "ಯಾರಾದ್ರೂ ಇದ್ರೆ ಹೇಳಿ" ಅನ್ನೋದಕ್ಕಿಂತ "ನಿಮ್ಮ ಕಟ್ಟಡದಲ್ಲಿ ಬೇರೆ ಯಾರಿಗಾದ್ರೂ ಇದೇ ತೊಂದ್ರೆ ಇದೆಯಾ?" ಅಂತ ಕೇಳಿದರೆ ಒಂದು ಹೆಸರು ಸಿಗುವ ಸಾಧ್ಯತೆ ಜಾಸ್ತಿ.

ಕೆಟ್ಟ ರಿವ್ಯೂ ಬಂದಿದೆ. ಡಿಲೀಟ್ ಮಾಡಿಸೋಕೆ ಆಗುತ್ತಾ?

ಸುಳ್ಳೋ ಬೈಗುಳವೋ ಇದ್ದರೆ ಆ ಜಾಲತಾಣಕ್ಕೆ ದೂರು ಕೊಡಬಹುದು. ನಿಜವಾದ ದೂರಾಗಿದ್ದರೆ ಉತ್ತರ ಬರೆಯಿರಿ. ಆ ಉತ್ತರವನ್ನು ರಿವ್ಯೂ ಬರೆದವರಿಗಿಂತ ಮುಂದೆ ಓದುವ ಹೊಸಬರೇ ಜಾಸ್ತಿ ನೋಡುತ್ತಾರೆ. ಏನಾಯಿತು, ಏನು ಸರಿ ಮಾಡಿದ್ದೀವಿ, ಯಾರನ್ನು ಸಂಪರ್ಕಿಸಬೇಕು ಅಂತ ಮೂರು ಸಾಲು ಸಾಕು. ವಾದ ಬೇಡ. ದುಡ್ಡು ಕೊಟ್ಟು ಒಳ್ಳೆಯ ರಿವ್ಯೂ ಬರೆಸುವುದಂತೂ ಬೇಡವೇ ಬೇಡ.

ವ್ಯಾಪಾರ ಡಲ್ ಇರುವಾಗಲೇ ಜಾಹೀರಾತು ಜಾಸ್ತಿ ಮಾಡ್ಬೇಕು ಅಂತಾರೆ. ನಿಜಾನಾ?

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಕಾರ್ನ್‌ಫ್ಲೇಕ್ಸ್ ಮಾಡುವ ಅಮೆರಿಕದ ಕೆಲಾಗ್ ಕಂಪನಿಯದು. 1929ರ ಮಹಾ ಆರ್ಥಿಕ ಕುಸಿತದ ನಂತರ ಅದರ ಪ್ರತಿಸ್ಪರ್ಧಿಯಾದ ಪೋಸ್ಟ್ ಅನ್ನೋ ಕಂಪನಿ ಜಾಹೀರಾತಿನ ಖರ್ಚು ಕಡಿಮೆ ಮಾಡಿತು, ಕೆಲಾಗ್ ಇಮ್ಮಡಿ ಮಾಡಿ ರೇಡಿಯೋದಲ್ಲೂ ಜೋರಾಗಿ ಪ್ರಚಾರಕ್ಕೆ ಇಳಿಯಿತು. ಕುಸಿತದ ನಡುವೆಯೇ ಕೆಲಾಗ್ ಲಾಭ ಏರಿತು, ಅದು ಮುಂದೆ ಹೋಗಿಬಿಟ್ಟಿತು. ಎಲ್ಲರೂ ಸುಮ್ಮನಾದಾಗ ಮಾತಾಡುವವರ ದನಿ ಚೆನ್ನಾಗಿ ಕೇಳಿಸುತ್ತದೆ ಅನ್ನೋದು ಇದರ ಪಾಠ.

ಪಾಠ ನಿಜ, ಆದರೆ ಪೂರ್ತಿ ನಕಲು ಮಾಡುವಂಥದ್ದಲ್ಲ. ಜಾಹೀರಾತು ಜಾಸ್ತಿ ಮಾಡಿ ಮುಳುಗಿದವರ ಕಥೆಯನ್ನು ಯಾರೂ ಹೇಳಲು ಬರುವುದಿಲ್ಲ. ಕೆಲಾಗ್ ಹತ್ತಿರ ವರ್ಷಗಟ್ಟಲೆ ತಡೆದುಕೊಳ್ಳುವ ಬಂಡವಾಳ ಇತ್ತು, ಮಾರುತ್ತಿದ್ದದ್ದು ದಿನಾ ಬೇಕಾಗುವ ಕಡಿಮೆ ಬೆಲೆಯ ವಸ್ತು. ನಿಮಗೆ ಇದರಿಂದ ತಗೊಳ್ಳಬೇಕಾದ್ದು ಇಷ್ಟು: ಪೂರ್ತಿ ನಿಲ್ಲಿಸಬೇಡಿ, ಸಾಲ ಮಾಡಿ ಏರಿಸಲೂ ಬೇಡಿ. ಎಲ್ಲಿಂದ ಗಿರಾಕಿ ಬರುತ್ತಿದ್ದಾರೆ ಅಂತ ಪ್ರತಿಯೊಬ್ಬ ಹೊಸಬರನ್ನೂ ಕೇಳಿ ಬರೆದಿಡಿ. ಎರಡು ತಿಂಗಳಲ್ಲಿ ಯಾರನ್ನೂ ತರದ ಜಾಗದ ಖರ್ಚು ತೆಗೆದು, ತರುವ ಜಾಗಕ್ಕೆ ಹಾಕಿ.

ದಿನಾ ಪೋಸ್ಟ್ ಹಾಕ್ತೀನಿ, ಲೈಕ್ ಬರುತ್ತೆ, ವ್ಯಾಪಾರ ಬರಲ್ಲ. ಯಾಕೆ?

ಪೋಸ್ಟು ನಿಮ್ಮ ಬಗ್ಗೆ ಇರುತ್ತದೆ, ಅದಕ್ಕೆ. ಶುಭಾಶಯ, ಸುಭಾಷಿತ, "ಆಫರ್ ಆಫರ್" ಇವನ್ನು ಬಿಟ್ಟು ಗಿರಾಕಿ ಕೌಂಟರಿನಲ್ಲಿ ಕೇಳುವ ಪ್ರಶ್ನೆಗೆ ಉತ್ತರ ಹಾಕಿ. ಈ ಬಟ್ಟೆ ಬಣ್ಣ ಬಿಡುತ್ತಾ? ಎರಡರಲ್ಲಿ ಕಡಿಮೆ ಬೆಲೆಯದು ಯಾರಿಗೆ ಸಾಕು? ವಾರಕ್ಕೆ ಒಂದೇ ಹಾಕಿದರೂ ಸಾಕು. ಕೊನೆಯಲ್ಲಿ ಮುಂದೇನು ಮಾಡಬೇಕು ಅಂತ ಒಂದು ಸಾಲು ಇರಲಿ.

## ದುಡ್ಡಿನ ಲೆಕ್ಕ ಮತ್ತು ಕಷ್ಟದ ನಿರ್ಧಾರಗಳು

ಮಾರಾಟ ಪರವಾಗಿಲ್ಲ, ಆದ್ರೆ ಕೈಯಲ್ಲಿ ದುಡ್ಡೇ ನಿಲ್ಲಲ್ಲ. ಇದಕ್ಕೂ ಎದ್ದು ಕಾಣೋದಕ್ಕೂ ಏನು ಸಂಬಂಧ?

ತುಂಬಾ ಸಂಬಂಧ ಇದೆ. ಮಾಲು ತರಲು ದುಡ್ಡಿಲ್ಲದವರು ಹೇಳಿದ ದಿನಕ್ಕೆ ಕೊಡಲು ಆಗುವುದಿಲ್ಲ. ಮೇಲೆ ಹೇಳಿದ ಎಲ್ಲ ಮಾತೂ ಆಗ ಸುಳ್ಳಾಗುತ್ತದೆ. ಲಾಭ ಇದ್ದೂ ನಗದು ಇಲ್ಲದೆ ಮುಚ್ಚಿಹೋದ ವ್ಯಾಪಾರಗಳು ಕಡಿಮೆ ಏನಿಲ್ಲ.

ಮುಂದಿನ 13 ವಾರಕ್ಕೆ, ಅಂದರೆ ಮೂರು ತಿಂಗಳಿಗೆ, ಒಂದು ಹಾಳೆ ಮಾಡಿ. ಪ್ರತಿ ವಾರಕ್ಕೂ ಮೂರು ಅಂಕಿ: ಶುರುವಿನಲ್ಲಿ ಕೈಯಲ್ಲಿರುವುದು, ನಿಜವಾಗಿ ಬರಬಹುದಾದ್ದು, ಹೋಗಲೇಬೇಕಾದ್ದು. ಬಿಲ್ ಮಾಡಿದ ದಿನ ಬರೆಯಬೇಡಿ, ದುಡ್ಡು ಕೈಗೆ ಸೇರುವ ದಿನ ಬರೆಯಿರಿ. ಸದಾ ತಡ ಮಾಡುವ ಗಿರಾಕಿಯ ದುಡ್ಡನ್ನು ಅವರು ಹೇಳಿದ ವಾರದಲ್ಲಿ ಹಾಕದೆ, ಅವರ ಅಭ್ಯಾಸದ ವಾರದಲ್ಲಿ ಹಾಕಿ. ಎಂಟನೇ ವಾರದಲ್ಲಿ ಕೈ ಖಾಲಿಯಾಗುತ್ತದೆ ಅಂತ ಇವತ್ತೇ ಕಂಡರೆ ಏನಾದರೂ ಮಾಡಲು ಏಳು ವಾರ ಸಿಗುತ್ತದೆ. ಸಪ್ಲೈಯರ್ ಹತ್ತಿರ, ಬಾಡಿಗೆ ಮಾಲೀಕರ ಹತ್ತಿರ ಮೊದಲೇ ಹೋಗಿ ಮಾತಾಡುವವರಿಗೆ ಸಮಯ ಸಿಗುವುದು ಸುಲಭ. ಕಂತು ತಪ್ಪಿದ ಮೇಲೆ ಹೋದವರಿಗೆ ಕಷ್ಟ.

ಇನ್ನೆರಡು ಅಭ್ಯಾಸ. ಕೆಲಸ ಮುಗಿದ ದಿನವೇ ಬಿಲ್ ಕಳಿಸಿ, ತಿಂಗಳ ಕೊನೆಗೆ ಕಾಯಬೇಡಿ. ದೊಡ್ಡ ಕೆಲಸಕ್ಕೆ ಮುಂಗಡ ತಗೊಂಡು, ನಡುವೆ ಒಂದು ಹಂತ, ಕೊನೆಗೆ ಉಳಿದದ್ದು ಅಂತ ಮೊದಲೇ ಬರೆದು ಒಪ್ಪಿಸಿ.

ಉದ್ರಿ ಕೊಡ್ಲಿಲ್ಲ ಅಂದ್ರೆ ಗಿರಾಕಿ ಬರಲ್ಲ, ಕೊಟ್ರೆ ದುಡ್ಡು ಬರಲ್ಲ. ಏನ್ಮಾಡ್ಲಿ?

ಉದ್ರಿಯನ್ನು ಎಲ್ಲರಿಗೂ ಒಂದೇ ಥರ ಕೊಡಬೇಡಿ. ಹಳೆಯ, ನಂಬಿಕೆಯ ಗಿರಾಕಿಗೆ ಒಂದು ಮಿತಿ ಹಾಕಿ ಕೊಡಿ, ಹೊಸಬರಿಗೆ ಮೊದಲ ಕೆಲವು ಸಲ ನಗದು. ಮಿತಿ ಮುಟ್ಟಿದಾಗ "ಹಳೆಯದು ಸ್ವಲ್ಪ ಇಳಿಸಿ, ಹೊಸದು ಕೊಡ್ತೀನಿ" ಅನ್ನೋದು ಮರ್ಯಾದೆ ಕೆಡಿಸುವ ಮಾತೇನಲ್ಲ. ಬಾಕಿ ನೆನಪಿಸುವ ಮೆಸೇಜ್ ಅವಧಿ ಮುಗಿಯುವ ಎರಡು ದಿನ ಮೊದಲೇ ಹೋಗಲಿ, ಆಗ ಅದು ತಗಾದೆ ಅನ್ನಿಸುವುದಿಲ್ಲ. ನಿಜವಾಗಿ ಕಷ್ಟದಲ್ಲಿರುವವರಿಗೆ ಸಣ್ಣ ಸಣ್ಣ ಕಂತು ಮಾಡಿಕೊಡಿ. ಆ ಸಮಯದಲ್ಲಿ ಮರ್ಯಾದೆಯಿಂದ ನಡೆಸಿಕೊಂಡವರನ್ನು ಜನ ಜೀವನಪೂರ್ತಿ ಮರೆಯಲ್ಲ.

ಖರ್ಚು ಕಡಿಮೆ ಮಾಡ್ಲೇಬೇಕು. ಗಿರಾಕಿಗೆ ಗೊತ್ತಾಗದ ಹಾಗೆ ಎಲ್ಲಿ ಕತ್ತರಿ ಹಾಕ್ಲಿ?

ಗಿರಾಕಿ ಮುಟ್ಟುವ, ಕಾಯುವ, ಮಾತಾಡುವ ಜಾಗ ಬಿಟ್ಟು ಬೇರೆ ಕಡೆ ಹಾಕಿ. ಬಳಸದ ಸಾಫ್ಟ್‌ವೇರ್ ಚಂದಾ, ಖಾಲಿ ಬಿದ್ದ ಗೋಡೌನು, ವರ್ಷಕ್ಕೊಮ್ಮೆಯೂ ಮಾರದ ಐಟಂಗಳು. ಮಾರಾಟದ ಪಟ್ಟಿ ತೆಗೆದು ಪ್ರತಿ ಐಟಂ ಎಷ್ಟು ಲಾಭ ತಂದಿದೆ ಅಂತ ಸಾಲಾಗಿ ಜೋಡಿಸಿ ನೋಡಿ. ಪಟ್ಟಿಯ ಕೆಳಗಡೆ ಹೆಚ್ಚು ಲಾಭ ತರದ ಐಟಂಗಳ ಉದ್ದದ ಬಾಲ ನೋಡಿ ನಿಮಗೇ ಆಶ್ಚರ್ಯವಾಗಬಹುದು. ಅದರಲ್ಲಿ ಸಿಕ್ಕಿಕೊಂಡ ದುಡ್ಡು ಬಿಡಿಸಿಕೊಂಡರೆ ಚೆನ್ನಾಗಿ ಓಡುವ ಐಟಂ ಯಾವತ್ತೂ ಖಾಲಿ ಇರದ ಹಾಗೆ ನೋಡಿಕೊಳ್ಳಬಹುದು.

ಫೋನ್ ಎತ್ತುವ, ಗಿರಾಕಿಯ ಹೆಸರು ನೆನಪಿಟ್ಟುಕೊಳ್ಳುವ ಕೆಲಸಗಾರರನ್ನು ಕೊನೆಯವರೆಗೂ ಉಳಿಸಿಕೊಳ್ಳಿ. ಪರಿಸ್ಥಿತಿ ಹೇಗಿದೆ ಅಂತ ಅವರ ಹತ್ತಿರ ಮುಚ್ಚಿಡಬೇಡಿ. ಎಲ್ಲಿ ದಂಡವಾಗುತ್ತಿದೆ ಅಂತ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ದೊಡ್ಡ ಕಂಪನಿ ಬಂದು ಕೂತಿದೆ. ಅವರ ಮುಂದೆ ನಾನೇನು?

ಬೆಲೆಯಲ್ಲಿ, ಆಯ್ಕೆಯಲ್ಲಿ, ಜಾಹೀರಾತಿನಲ್ಲಿ ಅವರನ್ನು ಮುಟ್ಟಲು ಹೋಗಬೇಡಿ. ಅವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಒಂದಿದೆ. ನೀವೇ ಮಾಲೀಕರು, ನಿಂತಲ್ಲೇ ತೀರ್ಮಾನ ಮಾಡಬಹುದು. ಅಲ್ಲಿ ಬದಲಾಯಿಸಿಕೊಡಿ ಅಂದರೆ ದೂರಿನ ಟಿಕೆಟ್ ನಂಬರು ಕೊಡುತ್ತಾರೆ. ನೀವು ವಸ್ತು ನೋಡಿ "ಸರಿ, ಬೇರೆ ತಗೊಳ್ಳಿ" ಅನ್ನಬಹುದು. ಈ ಅನುಕೂಲವನ್ನು ಕೆಲಸಗಾರರಿಗೂ ಕೊಡಿ. ಇಂತಿಷ್ಟರವರೆಗಿನ ದೂರನ್ನು ನನ್ನನ್ನು ಕೇಳದೆ ಸರಿ ಮಾಡಿ ಅಂತ ಹೇಳಿಡಿ.

ಪ್ರತಿಸ್ಪರ್ಧಿಗಳ ಜೊತೆ ಕೈ ಜೋಡಿಸಬಹುದಾ?

ಬಹುದು, ಒಂದು ಗೆರೆಯೊಳಗೆ. ಕೂತು ಮಾತಾಡಿ ಎಲ್ಲರೂ ಒಂದೇ ಬೆಲೆ ಇಡುವುದು, ಗಿರಾಕಿಗಳನ್ನು ಹಂಚಿಕೊಳ್ಳುವುದು ಬಹಳಷ್ಟು ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಒಟ್ಟಿಗೆ ಮಾಲು ತರಿಸಿ ಸಾಗಣೆ ಖರ್ಚು ಉಳಿಸುವುದು, ನನಗೆ ಬಾರದ ಕೆಲಸವನ್ನು ನಿಮಗೆ ಕಳಿಸುವುದು ಇವೆಲ್ಲ ಸಾಮಾನ್ಯವಾಗಿ ನಡೆಯುವಂಥದ್ದೇ. ಪ್ರತಿಸ್ಪರ್ಧಿ ಅಲ್ಲದ, ಆದರೆ ಅದೇ ಗಿರಾಕಿ ಇರುವವರ ಜೊತೆ ಸೇರುವುದು ಇನ್ನೂ ಒಳ್ಳೆಯದು. ಬಣ್ಣ ಹೊಡೆಯುವವರು ಮತ್ತು ಬಡಗಿ, ಫೋಟೋ ತೆಗೆಯುವವರು ಮತ್ತು ಪ್ರಿಂಟಿಂಗ್ ಮಾಡುವವರು.

ಅಕ್ಕಪಕ್ಕದ ಒಂದು ವ್ಯಾಪಾರ ಮುಚ್ಚುತ್ತಿದ್ದರೆ ಮಾಲೀಕರನ್ನು ಗೌರವದಿಂದ ಹೋಗಿ ಮಾತಾಡಿಸಿ. ಅವರ ಗಿರಾಕಿಗಳಿಗೆ ಬಾಕಿ ಇರುವ ಸರ್ವಿಸ್ ನಾನು ನೋಡಿಕೊಳ್ಳಲಾ ಅಂತ ಕೇಳಿ. ಅವರಿಗೆ ಒಂದು ಭಾರ ಇಳಿಯುತ್ತದೆ. ದಿಕ್ಕು ತೋಚದೆ ಇದ್ದ ಗಿರಾಕಿಗೆ ಒಂದು ಜಾಗ ಸಿಗುತ್ತದೆ.

ಇಷ್ಟೆಲ್ಲಾ ಮಾಡಿದ್ರೂ ಆಗ್ತಿಲ್ಲ. ಯಾವಾಗ ನಿಲ್ಲಿಸ್ಬೇಕು ಅಂತ ಹೇಗೆ ಗೊತ್ತಾಗುತ್ತೆ?

ಮನಸ್ಸು ಚೆನ್ನಾಗಿರುವ ದಿನ, ಮೊದಲೇ, ಒಂದು ಗೆರೆ ಎಳೆದಿಟ್ಟುಕೊಳ್ಳಿ. ಮಾರಿದ ಪ್ರತಿ ವಸ್ತುವಿಗೂ ಕೈಯಿಂದಲೇ ಹೋಗುತ್ತಿದ್ದರೆ ಜಾಸ್ತಿ ಮಾರಾಟದಿಂದ ನಷ್ಟ ಜಾಸ್ತಿಯಾಗುತ್ತದೆ. ಅಲ್ಲಿ ಬೆಲೆಯೋ ಖರ್ಚೋ ಬದಲಾಗಲೇಬೇಕು. ಹಳೆಯ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ ಮಾಡುವ ಸ್ಥಿತಿ ಬಂದರೆ ಆ ವಾರವೇ ಲೆಕ್ಕ ಗೊತ್ತಿರುವವರ ಹತ್ತಿರ ಕೂತು ಮಾತಾಡಿ. ಮನೆ ನಡೆಸುವ ದುಡ್ಡು, ಮಕ್ಕಳ ದುಡ್ಡು ಇದಕ್ಕೆ ಮುಟ್ಟಲ್ಲ ಅಂತ ಮೊದಲೇ ತೀರ್ಮಾನ ಮಾಡಿ, ಮನೆಯವರಿಗೂ ಹೇಳಿಡಿ.

ಪೂರ್ತಿ ಮುಚ್ಚುವುದು ಮತ್ತು ಹೀಗೇ ಮುಂದುವರಿಯುವುದು ಇವೆರಡರ ನಡುವೆ ದಾರಿಗಳಿವೆ. ಚಿಕ್ಕ ಜಾಗಕ್ಕೆ ಹೋಗುವುದು, ಲಾಭ ಕೊಡುವ ಒಂದೇ ಕೆಲಸ ಉಳಿಸಿಕೊಳ್ಳುವುದು, ವಾರದಲ್ಲಿ ಕೆಲವು ದಿನ ಮಾತ್ರ ನಡೆಸುವುದು, ನಡೆಯುವ ವ್ಯಾಪಾರವನ್ನೇ ಇನ್ನೊಬ್ಬರಿಗೆ ಮಾರುವುದು. ಇವನ್ನೆಲ್ಲ ನೋಡಿಯೂ ಮುಚ್ಚಲೇಬೇಕಾದರೆ, ಕೈಯಲ್ಲಿ ಸ್ವಲ್ಪ ದುಡ್ಡು ಇರುವಾಗಲೇ ಮುಚ್ಚಿ. ಕೆಲಸಗಾರರಿಗೆ ಮೊದಲು ಹೇಳಿ, ಬೇರೆ ಕೆಲಸ ಹುಡುಕಲು ಸಮಯ ಕೊಡಿ. ಮುಂಗಡ ಕೊಟ್ಟವರ ಕೆಲಸ ಮುಗಿಸಿ ಅಥವಾ ದುಡ್ಡು ವಾಪಸ್ ಮಾಡಿ. ಸಪ್ಲೈಯರ್ ಬಾಕಿ ಪೂರ್ತಿ ತೀರಿಸಲು ಆಗದಿದ್ದರೆ ಎಷ್ಟು, ಯಾವಾಗ ಅಂತ ಬರೆದುಕೊಡಿ. ಗಿರಾಕಿಗಳಿಗೆ ಇನ್ನು ಮುಂದೆ ಯಾರ ಹತ್ತಿರ ಹೋಗಬಹುದು ಅಂತ ಹೆಸರು ಹೇಳಿ ಕಳಿಸಿ. ಹಳೆಯ ಫೋನ್ ನಂಬರನ್ನು ತಕ್ಷಣ ಬಿಡಬೇಡಿ. ನೀವು ಕೊಟ್ಟ ಕೊನೆಯ ಗ್ಯಾರಂಟಿಯ ಅವಧಿ ಮುಗಿಯುವವರೆಗಾದರೂ ಅದು ಚಾಲೂ ಇರಲಿ.